ಮಕ್ಕಳ ಆಟಕ್ಕೆ ಜನರಲ್ ಹೆಸರು

ಬೇಸ್‌ಬಾಲ್ ಆಟವನ್ನು ಕಂಡುಹಿಡಿದವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದಲ್ಲಿ 1905ರಲ್ಲಿ ಒಂದು ಸಮಿತಿಯನ್ನೇ ರಚಿಸಲಾಯಿತು. ಅದರ ಬೆನ್ನಿಗಿದ್ದವನು ಮಾಜಿ ಆಟಗಾರ, ಕ್ರೀಡಾಸಾಮಗ್ರಿಗಳ ದೊಡ್ಡ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್. ಇದು ಇಂಗ್ಲಿಷ್ ಮಕ್ಕಳ 'ರೌಂಡರ್ಸ್' ಆಟದಿಂದ ಬಂದದ್ದೆಂದು ಪತ್ರಕರ್ತ ಹೆನ್ರಿ ಚಾಡ್ವಿಕ್ ಹೇಳುತ್ತಿದ್ದುದು ಅವನಿಗೆ ಹಿಡಿಸಿರಲಿಲ್ಲ. ರಾಷ್ಟ್ರದ ಆಟ ಪರದೇಶದ್ದೆಂದರೆ ಹೇಗೆ?

1907ರ ಕೊನೆಯಲ್ಲಿ ತೀರ್ಪು ಬಂತು: 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಇದನ್ನು ರೂಪಿಸಿದಾತ ಆಬ್ನರ್ ಡಬಲ್‌ಡೇ. ಈತ ಮುಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಜನರಲ್. ಆದರೆ 1839ರಲ್ಲಿ ಆತ ವೆಸ್ಟ್ ಪಾಯಿಂಟ್ ಸೇನಾ ಶಾಲೆಯ ವಿದ್ಯಾರ್ಥಿ. ಸಮಿತಿ ನಂಬಿದ್ದು ಎಪ್ಪತ್ತು ದಾಟಿದ ಒಬ್ಬ ವೃದ್ಧನ ನೆನಪನ್ನು. 1839ರಲ್ಲಿ ಆ ವೃದ್ಧನಿಗೆ ಐದು ವರ್ಷ! ಡಬಲ್‌ಡೇಯನ್ನು ಕೇಳೋಣವೆಂದರೆ ಆತ 1893ರಲ್ಲೇ ತೀರಿಕೊಂಡಿದ್ದ.

ನಿಜವಾದ ಸುಳಿವು ಇರುವುದು ಮಕ್ಕಳ ಪುಸ್ತಕವೊಂದರಲ್ಲಿ. ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿ 1744ರಲ್ಲಿ ಹೊರತಂದ ಪುಟ್ಟ ಪುಸ್ತಕದಲ್ಲಿ 'ಬೇಸ್-ಬಾಲ್' ಹೆಸರಿನ ಪದ್ಯವೂ ಚಿತ್ರವೂ ಇವೆ. ಚಿತ್ರದಲ್ಲಿ ಹುಡುಗರಿದ್ದಾರೆ, ಕಂಬಗಳಿವೆ, ಬ್ಯಾಟು ಮಾತ್ರ ಕಾಣದು. ಹುಡುಗಿಯರೂ ಆಡುತ್ತಿದ್ದರು. ಜೇನ್ ಆಸ್ಟೆನ್ ಅವರ 'ನಾರ್ಥಾಂಗರ್ ಅಬ್ಬಿ' ಕಾದಂಬರಿಯ ನಾಯಕಿಗೆ ಹದಿನಾಲ್ಕರ ವಯಸ್ಸಿನಲ್ಲಿ ಓದಿಗಿಂತ ಕ್ರಿಕೆಟ್, ಬೇಸ್‌ಬಾಲ್‌ಗಳಲ್ಲೇ ಒಲವು.

ವಲಸೆ ಹೋದವರೊಂದಿಗೆ ಆಟವೂ ಕಡಲು ದಾಟಿತು. ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನವರು 1791ರಲ್ಲಿ, ಹೊಸ ಸಭಾಮಂದಿರದ ಕಿಟಕಿಗಳನ್ನು ಉಳಿಸಿಕೊಳ್ಳಲೆಂದು, ಅದರ 80 ಗಜದೊಳಗೆ ಬೇಸ್‌ಬಾಲ್ ಮುಂತಾದ ಆಟಗಳನ್ನು ಆಡಕೂಡದೆಂದು ನಿಯಮ ಮಾಡಿದರು. ನಿಷೇಧ ಬಂತೆಂದರೆ ಆಟ ಸಾಕಷ್ಟು ನಡೆಯುತ್ತಿತ್ತೆಂದೇ ಅರ್ಥ. ಈ ನಿಯಮ ಎಲ್ಲರ ಗಮನಕ್ಕೆ ಬಂದದ್ದು 2004ರಲ್ಲಿ.

ಆಗಿನ ಆಟ ಊರಿಗೊಂದು ಬಗೆ. ಮಕ್ಕಳು ಕಡಿಮೆಯಿದ್ದರೆ 'ಓಲ್ಡ್ ಕ್ಯಾಟ್'. ಹೊಡೆಯುವವನು ಓಡಿ ಮುಟ್ಟಲು ಒಂದೇ ನೆಲೆ. ಜನ ಸೇರಿದಂತೆ ನೆಲೆಗಳೂ ಹೆಚ್ಚುತ್ತಿದ್ದವು. ಓಡುವವನನ್ನು ಔಟ್ ಮಾಡಲು, ಲಗೋರಿಯಲ್ಲಿ ಹೊಡೆಯುವಂತೆ, ಚೆಂಡನ್ನು ಮೈಗೇ ಬೀಸುತ್ತಿದ್ದರು. ಹಾಗಾಗಿ ಚೆಂಡು ಮೆತ್ತಗಿರಬೇಕಿತ್ತು. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನ ಗಂಡಸರು 1845ರಲ್ಲಿ ಬರೆದಿಟ್ಟ ನಿಯಮಗಳು ಮೈಗೆ ಹೊಡೆಯುವುದನ್ನು ನಿಲ್ಲಿಸಿದವು. ಗಟ್ಟಿ ಚೆಂಡಿಗೆ ದಾರಿಯಾಯಿತು. ದೊಡ್ಡವರ ಬೇಸ್‌ಬಾಲ್ ಶುರುವಾದದ್ದು ಅಲ್ಲಿಂದ ಎನ್ನಬಹುದು.

ಹಾಗೆಂದು ಚಾಡ್ವಿಕ್ ಹೇಳಿದ್ದೂ ಪೂರ್ತಿ ನಿಲ್ಲುವುದಿಲ್ಲ. 'ರೌಂಡರ್ಸ್' ಎಂಬ ಹೆಸರಿಗಿಂತ 'ಬೇಸ್-ಬಾಲ್' ಎಂಬ ಹೆಸರೇ ಇಂಗ್ಲೆಂಡಿನಲ್ಲಿ ಹಳೆಯದೆಂದು ಡೇವಿಡ್ ಬ್ಲಾಕ್ 2005ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಇತ್ತ ಕೂಪರ್ಸ್‌ಟೌನ್‌ನಲ್ಲಿ 1939ರಲ್ಲಿ, ಆಟಕ್ಕೆ ನೂರು ವರ್ಷವೆಂಬ ಲೆಕ್ಕದಲ್ಲಿ, ಬೇಸ್‌ಬಾಲ್ ಕೀರ್ತಿಮಂದಿರ ತೆರೆಯಿತು. ಊರಿನ ಆಟದ ಮೈದಾನಕ್ಕೆ ಇಂದಿಗೂ ಡಬಲ್‌ಡೇಯ ಹೆಸರೇ ಇದೆ.