ಮತಕಲಹವೂ ರಾಜಧರ್ಮವೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಸಭೆಗೆ ಹರ್ಷದಾಯಕವಾದ ವಿಷಯವೊಂದು ಒಪ್ಪುವುದೆಂಬುದು ಲೋಕರೂಢಿ. ಆದರೆ ಗುರುಪೀಠದ ಮುಂದೆ ನೆರೆದವರು ಸುಖದ ಮಾತುಗಳನ್ನು ಮಾತ್ರವೇ ಕೇಳಿ ಎದ್ದುಹೋಗುವುದು ಉಚಿತವಲ್ಲ. ಹಿಂದೂಗಳಿಗೂ ಕ್ರೈಸ್ತರಿಗೂ ನಡುವೆ ಮತದ ಹೆಸರಿನಲ್ಲಿ ನಡೆದ ರಕ್ತಪಾತವೂ, ಅದರಲ್ಲಿ ಆಳುವವರ ಹೊಣೆ ಎಷ್ಟೆಂಬುದೂ ಈ ಹೊತ್ತಿನ ವಿಚಾರವಾಗಿರುತ್ತದೆ. ಈ ಪ್ರಸಂಗದಲ್ಲಿ ಸನ್ಯಾಸಿಯೊಬ್ಬರು ತಮ್ಮ ಆಶ್ರಮದಲ್ಲಿಯೇ ಹತರಾದರು. ಆದುದರಿಂದ ಮಠದ ಭಕ್ತರು ಇದನ್ನು ಪರರ ಸಂಗತಿಯೆಂದು ತಳ್ಳಿಬಿಡುವಂತಿಲ್ಲ.

ಮೊದಲು ರಾಜಧರ್ಮವೆಂದರೇನೆಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಇದಕ್ಕೆ ಕನ್ನಡನಾಡಿನ ಕಲ್ಲೊಂದೇ ಸಾಕು. ಕ್ರಿ. ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದು, ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನೆಂದು ಶ್ರವಣಬೆಳ್ಗೊಳದ ಶಾಸನವು ಹೇಳುತ್ತದೆ. ಅಷ್ಟಕ್ಕೇ ಅದು ನಿಲ್ಲಲಿಲ್ಲ. ಜೈನರ ಮನೆಯೊಂದಕ್ಕೆ ವರುಷಕ್ಕೊಂದು ಹಣದಂತೆ ಎತ್ತಿ, ಆ ದ್ರವ್ಯದಿಂದ ಬೆಳ್ಗೊಳದ ದೇವರಿಗೆ 20 ಮಂದಿ ಕಾವಲಾಳುಗಳನ್ನಿಡಬೇಕೆಂದೂ, ಉಳಿದುದರಿಂದ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕೆಂದೂ, ಕಟ್ಟಳೆಯನ್ನು ಮೀರಿದವನು ರಾಜದ್ರೋಹಿಯೆಂದೂ ವಿಧಿಸಿತು. ಕಾವಲಿನ ವೆಚ್ಚವನ್ನು ಜೈನರಿಂದಲೇ ಎತ್ತಿದುದು ಈಗಿನವರಿಗೆ ಸರಿತೋರಲಿಕ್ಕಿಲ್ಲ. ಆದರೆ ಆ ಕಾವಲನ್ನು ನಡೆಸುವ ಹೊಣೆಯನ್ನು ಅರಸನು ಹೊರಿಸಿದುದು ತಿರುಮಲೆಯ ತಾತಯ್ಯನೆಂಬ ಶ್ರೀವೈಷ್ಣವನ ಮೇಲೆ ಎಂಬುದನ್ನು ಮರೆಯಲಾಗದು. ಬಲವುಳ್ಳವರ ಹೆಗಲಿಗೇ ಬಲವಿಲ್ಲದವರ ರಕ್ಷಣೆ ಬಂದಿತು.

ಈ ಶಾಸನದಿಂದ ರಾಜಧರ್ಮಕ್ಕೆ ನಾಲ್ಕು ಅಂಗಗಳೆಂದು ತಿಳಿಯಬಹುದು: ದೂರನ್ನು ಕೇಳುವುದು, ಕಾವಲನ್ನಿಡುವುದು, ಕೆಟ್ಟುದನ್ನು ಕಟ್ಟಿಕೊಡುವುದು, ತಪ್ಪಿದವನನ್ನು ದಂಡಿಸುವುದು. ಯಾವ ಮತ ಸತ್ಯ, ಯಾವುದು ಮಿಥ್ಯ ಎಂದು ತೀರ್ಮಾನಿಸುವುದು ಈ ನಾಲ್ಕರಲ್ಲಿ ಸೇರಿಲ್ಲ.

ಈ ಅಳತೆಗೋಲನ್ನು ಹಿಡಿದು ಒಡಿಶಾ ರಾಜ್ಯದ ಕಂಧಮಾಲ್ ಜಿಲ್ಲೆಯಲ್ಲಿ ನಡೆದುದನ್ನು ನೋಡಬೇಕು. ಅದು ಗುಡ್ಡಕಾಡುಗಳ ಸೀಮೆ. 2001ರ ಜನಗಣತಿಯಲ್ಲಿ ಅಲ್ಲಿ ಸುಮಾರು 6.5 ಲಕ್ಷ ಜನರಿದ್ದು, ನೂರಕ್ಕೆ 18ರಷ್ಟು ಮಂದಿ ಕ್ರೈಸ್ತರಾಗಿದ್ದರು. ಕುಯಿ ಭಾಷೆಯನ್ನಾಡುವ ಕಂಧರೆಂಬ ಗಿರಿಜನರು ಹೆಚ್ಚಿನವರು. ಪಾಣರೆಂಬ ದಲಿತರಲ್ಲಿ ಅನೇಕರು ಕ್ರೈಸ್ತಮತವನ್ನು ಸೇರಿದವರು. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಆ ಜಾತಿಗಿರುವ ಸೌಲಭ್ಯ ತಪ್ಪುತ್ತದೆ; ಗಿರಿಜನನಿಗೆ ಹಾಗೆ ತಪ್ಪುವುದಿಲ್ಲ. ಕುಯಿ ಮಾತನಾಡುವ ತಾವೂ ಗಿರಿಜನರೆನಿಸಬೇಕೆಂದು ಪಾಣರು ಕೇಳಿದರು. ಹಾಗಾದರೆ ತಮ್ಮ ಭೂಮಿಗೂ ಮೀಸಲಿಗೂ ಕುತ್ತೆಂದು ಕಂಧರು ಅಂಜಿದರು. ಹೀಗೆ ಹೊಲದ ಜಗಳ, ಹೊಟ್ಟೆಯ ಜಗಳ, ಜಾತಿಯ ಜಗಳಗಳೆಲ್ಲ ಸೇರಿ ಮತದ ವೇಷವನ್ನು ಧರಿಸಿ ನಿಂತವು. ಇವುಗಳನ್ನು ಕಛೇರಿಗಳಲ್ಲಿ ಕಾಲಕಾಲಕ್ಕೆ ಕೇಳಿ ಬಗೆಹರಿಸಿದ್ದರೆ ಮತಕ್ಕೆ ಆ ವೇಷ ಬೇಕಾಗುತ್ತಿರಲಿಲ್ಲ. ಮೊದಲನೆಯ ಅಂಗ ಇಲ್ಲಿಯೇ ಊನವಾಯಿತು.

2007ರ ಡಿಸೆಂಬರಿನಲ್ಲಿ ಕ್ರಿಸ್ತಜಯಂತಿಯ ಹೊತ್ತಿಗೆ ಕಲಹ ಹೊತ್ತಿತು. ಅನೇಕ ಇಗರ್ಜಿಗಳೂ ಕ್ರೈಸ್ತರ ಮನೆಗಳೂ ಸುಟ್ಟವು. ಕೆಲವೆಡೆ ಹಿಂದೂಗಳ ಮನೆಗಳೂ ಸುಟ್ಟವು. ಸರಕಾರವು ವಿಚಾರಣಾ ಆಯೋಗವನ್ನು ನೇಮಿಸಿತು. ಮುಂದಿನ ಅನರ್ಥಕ್ಕೆ ಇದಕ್ಕಿಂತ ಸ್ಪಷ್ಟವಾದ ಮುನ್ಸೂಚನೆ ಬೇರೆ ಬೇಕಾಗಿರಲಿಲ್ಲ. ಎಂಟು ತಿಂಗಳ ಕಾಲಾವಕಾಶ ದೊರೆತಿತ್ತು.

ಆ ಎಂಟು ತಿಂಗಳು ಕಳೆದ ಮೇಲೆ, 2008ರ ಆಗಸ್ಟ್ 23ರ ಶ್ರೀಕೃಷ್ಣಜನ್ಮಾಷ್ಟಮಿಯ ರಾತ್ರಿ, ಜಲೇಶಪಟಾದ ಆಶ್ರಮಕ್ಕೆ ಶಸ್ತ್ರಧಾರಿಗಳು ನುಗ್ಗಿ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರನ್ನೂ ಅವರೊಡನಿದ್ದ ನಾಲ್ವರನ್ನೂ ಕೊಂದರು. ಸ್ವಾಮಿಗಳು ಎಂಬತ್ತು ದಾಟಿದ ವೃದ್ಧರು. ಆ ಕಾಡಿನಲ್ಲಿ ದಶಕಗಳಿಂದ ನೆಲೆಸಿ ಪಾಠಶಾಲೆಗಳನ್ನು ನಡೆಸಿದವರು. ಮತಾಂತರವನ್ನು ಬಲವಾಗಿ ವಿರೋಧಿಸಿದವರು. ಅವರ ಅಭಿಪ್ರಾಯವನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಆದರೆ ಹಾಗೆ ಅಭಿಪ್ರಾಯಪಟ್ಟವನ ಪ್ರಾಣವನ್ನು ಕಾಯುವುದು ಸರಕಾರದ ಋಣವಾಗಿತ್ತು. ಆ ಋಣ ಸಲ್ಲಲಿಲ್ಲ. ಎರಡನೆಯ ಅಂಗದ ಲೋಪವನ್ನು ಎಣಿಸುವಾಗ ಈ ಆಶ್ರಮದ ಹೊಸ್ತಿಲಿನಿಂದಲೇ ಎಣಿಸತಕ್ಕದ್ದು.

ಕೊಂದವರು ತಾವೇ ಎಂದು ಮಾವೋವಾದಿಗಳು ಬಹಿರಂಗವಾಗಿ ಹೇಳಿಕೊಂಡರು. ಆದರೆ ಉದ್ರಿಕ್ತ ಜನಸ್ತೋಮವು ಆ ಪಾತಕವನ್ನು ಕ್ರೈಸ್ತರ ತಲೆಗೆ ಕಟ್ಟಿತು. ಸ್ವಾಮಿಗಳ ಪಾರ್ಥಿವ ಶರೀರವನ್ನು ಜಲೇಶಪಟಾದಿಂದ ಚಕಾಪಾದದ ಆಶ್ರಮದವರೆಗೆ ಊರೂರುಗಳ ಮೇಲೆ ಮೆರವಣಿಗೆಯಲ್ಲಿ ಒಯ್ಯಲಾಯಿತು. ಶೋಕವು ಕ್ರೋಧವಾಗುವುದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಅದನ್ನು ತಡೆಯುವ ಬಲವನ್ನು ಸರಕಾರವು ಆ ದಾರಿಯಲ್ಲಿ ನಿಲ್ಲಿಸಲಿಲ್ಲ. ಮುಂದಿನ ದಿನಗಳಲ್ಲಿ 39 ಮಂದಿ ಕ್ರೈಸ್ತರು ಹತರಾದರೆಂದೂ 232 ಇಗರ್ಜಿಗಳೂ ಪ್ರಾರ್ಥನಾಮಂದಿರಗಳೂ ನಾಶವಾದವೆಂದೂ ಸುಪ್ರೀಂ ಕೋರ್ಟಿನ ಮುಂದೆ ಬಂದ ಲೆಕ್ಕ. ಸತ್ತವರು ಇದಕ್ಕಿಂತ ಬಹಳ ಹೆಚ್ಚೆಂದು ಕ್ರೈಸ್ತಸಂಘಗಳ ಎಣಿಕೆ. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಜನರು ಪರಿಹಾರ ಶಿಬಿರಗಳನ್ನು ಸೇರಿದರು. ಮತ್ತೆಷ್ಟೋ ಮಂದಿ ಕಾಡುಪಾಲಾದರು. ಕ್ರೈಸ್ತ ಸನ್ಯಾಸಿನಿಯೊಬ್ಬಳು ಅತ್ಯಾಚಾರಕ್ಕೊಳಗಾದಳು. ಬರಗಢ ಜಿಲ್ಲೆಯಲ್ಲಿ ಕ್ರೈಸ್ತರ ಅನಾಥಾಲಯವೊಂದಕ್ಕೆ ಹಚ್ಚಿದ ಬೆಂಕಿಯಲ್ಲಿ ಬೆಂದು ಸತ್ತ ತರುಣಿಯು ಹುಟ್ಟಿನಿಂದ ಹಿಂದೂವಾಗಿದ್ದಳು. ಹಿಂದೂಧರ್ಮದ ರಕ್ಷಣೆಗೆಂದು ಬಂದ ಕೈಗಳೇ ಆ ಮಗಳನ್ನು ಸುಟ್ಟವು.

ಮೂರನೆಯ ಮತ್ತು ನಾಲ್ಕನೆಯ ಅಂಗಗಳ ವಿಷಯ. ಕಟಕ-ಭುವನೇಶ್ವರದ ಆರ್ಚ್‌ಬಿಷಪ್ಪರು ತಂದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2016ರ ಆಗಸ್ಟ್ 2ರಂದು ತೀರ್ಪಿತ್ತಿತು. ಮೊದಲು ಕೊಟ್ಟ ಪರಿಹಾರವು ಸಾಲದೆಂದು ತಿಳಿದು, ಹತರಾದವರ ಕುಟುಂಬಕ್ಕೆ ಇನ್ನೂ 3 ಲಕ್ಷ ರೂಪಾಯಿಗಳನ್ನೂ, ಪೂರ್ಣ ನಾಶವಾದ ಮನೆಗೆ ಇನ್ನೂ 70,000 ರೂಪಾಯಿಗಳನ್ನೂ ಕೊಡಬೇಕೆಂದು ಆಜ್ಞಾಪಿಸಿತು. ಸುಟ್ಟ ಮನೆಯವರು ಎಂಟು ವರುಷ ಕಾಯಬೇಕಾಯಿತು. ದಾಖಲಾದ 827 ಮೊಕದ್ದಮೆಗಳಲ್ಲಿ 315 ದೋಷಾರೋಪಣೆಯಿಲ್ಲದೆಯೇ ಮುಗಿದಿದ್ದವು. ವಿಚಾರಣೆ ಪೂರೈಸಿದ 362ರಲ್ಲಿ ಶಿಕ್ಷೆಯಾದುದು 78ರಲ್ಲಿ ಮಾತ್ರ. ಮುಚ್ಚಿದ ಮೊಕದ್ದಮೆಗಳನ್ನು ಪುನಃ ಪರಿಶೀಲಿಸಬೇಕೆಂದು ನ್ಯಾಯಾಲಯವು ವಿಧಿಸಿತು. ಇತ್ತ ಸ್ವಾಮಿಗಳ ಕೊಲೆಗಾಗಿ 2013ರಲ್ಲಿ ಮಾವೋವಾದಿ ಮುಖಂಡನೊಬ್ಬನೊಡನೆ ಏಳು ಮಂದಿ ಕ್ರೈಸ್ತರಿಗೆ ಜೀವಾವಧಿ ಶಿಕ್ಷೆಯಾಯಿತು. 2019ರೊಳಗೆ ಆ ಏಳು ಮಂದಿಗೂ ಸುಪ್ರೀಂ ಕೋರ್ಟು ಜಾಮೀನಿತ್ತಿತು. ಹೀಗೆ ಸ್ವಾಮಿಗಳ ಶಿಷ್ಯರಿಗೂ ಸುಟ್ಟ ಹಳ್ಳಿಗಳ ವಿಧವೆಯರಿಗೂ ನ್ಯಾಯವು ತೃಪ್ತಿಕರವಾಗಿ ಮುಟ್ಟಲಿಲ್ಲ.

ಇದು ಪರದೇಶದ ಕಥೆಯೆಂದು ಕನ್ನಡಿಗರು ಸಮಾಧಾನಪಡುವ ಹಾಗಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ, 2008ರ ಸೆಪ್ಟೆಂಬರ್ 14ರ ಭಾನುವಾರ, ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿಯ ಸಮೀಪದ ಕ್ರೈಸ್ತ ಸನ್ಯಾಸಿನಿಯರ ಮಠದ ಪ್ರಾರ್ಥನಾಮಂದಿರಕ್ಕೆ ಗುಂಪು ನುಗ್ಗಿ ಪೂಜಾವಸ್ತುಗಳನ್ನು ಧ್ವಂಸಮಾಡಿತು. ಬೇರೆಡೆಗಳಲ್ಲಿಯೂ ಪ್ರಾರ್ಥನಾಮಂದಿರಗಳ ಮೇಲೆ ದಾಳಿಗಳಾದವು. ಪ್ರತಿಭಟಿಸಲು ನೆರೆದ ಕ್ರೈಸ್ತರ ಮೇಲೆಯೇ ಪೋಲೀಸರ ಲಾಠಿ ಬಿದ್ದಿತು. ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಅವರ ಆಯೋಗದ ಅಂತಿಮ ವರದಿ ಬಂದುದು 2011ರಲ್ಲಿ. ಆ ತಿಂಗಳಲ್ಲಿ ಕೇಂದ್ರ ಸರಕಾರವು ಒಡಿಶಾಕ್ಕೂ ಕರ್ನಾಟಕಕ್ಕೂ ಸಂವಿಧಾನದ 355ನೆಯ ಅನುಚ್ಛೇದವನ್ನು ನೆನಪಿಸಿ ಎಚ್ಚರಿಕೆಯ ಪತ್ರಗಳನ್ನು ಬರೆಯಿತು. ಪತ್ರವು ಹೋದುದು ಮನೆ ಸುಟ್ಟ ಮೇಲೆ.

ಇಲ್ಲಿ ಒಂದು ಆಕ್ಷೇಪವನ್ನು ಕೇಳಬೇಕು. ಆಮಿಷದಿಂದಲೋ ಮೋಸದಿಂದಲೋ ಮತಾಂತರ ನಡೆದರೆ ಸುಮ್ಮನಿರಬೇಕೇ ಎಂದು ಅನೇಕರು ಕೇಳುತ್ತಾರೆ. ಸುಮ್ಮನಿರಬೇಕಾಗಿಲ್ಲ. ಒಡಿಶಾದಲ್ಲಿ 1967ರಲ್ಲಿಯೇ ಬಲಾತ್ಕಾರ, ಆಮಿಷ, ವಂಚನೆಗಳಿಂದ ಮಾಡುವ ಮತಾಂತರವನ್ನು ದಂಡಿಸುವ ಕಾನೂನಾಯಿತು. ಸಂವಿಧಾನದ 25ನೆಯ ಅನುಚ್ಛೇದವು ಮತಪ್ರಚಾರದ ಸ್ವಾತಂತ್ರ್ಯವನ್ನು ಕೊಟ್ಟಿದೆ; ಅನ್ಯನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಗಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದುದರಿಂದ ದೂರುಳ್ಳವನಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇದ್ದಿತು. ಆ ಬಾಗಿಲಿಗೆ ಹೋಗದೆ ನೆರೆಯವನ ಬಾಗಿಲಿಗೆ ಬೆಂಕಿಯನ್ನೊಯ್ದವನು ಯಾವ ಧರ್ಮವನ್ನೂ ಕಾಯಲಿಲ್ಲ. ಮತ್ತು ಮೋಸ ಮಾಡಿದವನು ಒಬ್ಬನಿದ್ದರೆ ಅವನು ಒಬ್ಬನೇ ಅಪರಾಧಿ. ಅವನ ಮತದವರೆಲ್ಲರೂ ಅಲ್ಲ. ಸ್ವಾಮಿಗಳ ಕೊಲೆಗೂ, ಕ್ರೈಸ್ತರ ಕೊಲೆಗೂ ಈ ಒಂದೇ ನ್ಯಾಯ.

ಸರಕಾರವೆಂಬುದು ಆಕಾಶದಿಂದ ಇಳಿದು ಬಂದುದಲ್ಲ. ಪ್ರಜೆಗಳು ಯಾವುದನ್ನು ಕೇಳುವರೋ ಅದನ್ನೇ ಅದು ಮಾಡುವುದು. ಸ್ವಮತದವನು ಸತ್ತಾಗ ಮಾತ್ರ ನ್ಯಾಯವನ್ನು ಕೇಳುವ ಜನರಿಗೆ ಪಕ್ಷಪಾತದ ಸರಕಾರವೇ ದೊರೆಯುವುದು. ಕಂಧಮಾಲಿನ ಸನ್ಯಾಸಿಗಾಗಿ ಕಣ್ಣೀರು ಹಾಕುವ ಭಕ್ತನು ಅನಾಥಾಲಯದಲ್ಲಿ ಬೆಂದ ಮಗಳಿಗಾಗಿಯೂ, ಕಾಡಿನಲ್ಲಿ ಅಡಗಿದ ಕ್ರೈಸ್ತ ತಾಯಿಗಾಗಿಯೂ ಕಣ್ಣೀರು ಹಾಕಲಿ. ಊರಿನ ಇಗರ್ಜಿಯ ಮುಂದೆ ಗುಂಪು ಸೇರಿದ ದಿನ, ಪೋಲೀಸರು ಬರುವುದಕ್ಕೆ ಮೊದಲು ತಾನೇ ಹೋಗಿ ಆ ಬಾಗಿಲಲ್ಲಿ ನಿಲ್ಲಲಿ. ಬುಕ್ಕರಾಯನು ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟನು. ಹಾಗಿಟ್ಟ ಕೈಯನ್ನು ಬಿಡದೆ ಹಿಡಿದಿರುವುದು ಪ್ರಜೆಗಳ ಕಾರ್ಯ.

ಪೂಜ್ಯರ ಕೃಪೆಯಿಂದ ಈ ಬುದ್ಧಿಯು ಸಮಸ್ತರಿಗೂ ಸ್ಥಿರವಾಗಲಿ.