ಮದ್ದನ್ನೂ ಅಳೆದು ನೋಡಬೇಕು



ಅಕ್ಕಿ ಕೊಳ್ಳುವಾಗ ನಾವು ತಕ್ಕಡಿಯ ಮುಳ್ಳು ನೋಡುತ್ತೇವೆ. ಕೂಲಿಯ ದುಡ್ಡು ತೆತ್ತು ತರುವ ಆಂಟಿಬಯಾಟಿಕ್ ಮಾತ್ರೆ ನಮ್ಮ ರೋಗಕ್ಕೆ ನಾಟುವುದೇ ಎಂದು ಕೇಳುತ್ತೇವೆಯೇ?

ಅದಕ್ಕೂ ಒಂದು ಪರೀಕ್ಷೆಯುಂಟು. ರೋಗಿಯ ಕೀವಿನಿಂದಲೋ ಮೂತ್ರದಿಂದಲೋ ಬೆಳೆಸಿದ ರೋಗಾಣುಗಳನ್ನು ಅಗಾರ್ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಸವರುತ್ತಾರೆ. ಬೇರೆ ಬೇರೆ ಮದ್ದು ಹೀರಿದ, 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಡುತ್ತಾರೆ. 35 ಡಿಗ್ರಿ ಶಾಖದಲ್ಲಿ 16ರಿಂದ 18 ಗಂಟೆ ಕಳೆಯಲಿ. ಮದ್ದು ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ತಿಳಿಯಾದ ವೃತ್ತ ಕಾಣುತ್ತದೆ. ತೀರ ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ರೋಗಾಣುಗಳು ಮುತ್ತಿರುತ್ತವೆ.

ಒಂದರ ವೃತ್ತ ಇನ್ನೊಂದರದಕ್ಕಿಂತ ದೊಡ್ಡದೆಂದು ಅದೇ ಮೇಲೆನ್ನುವಂತಿಲ್ಲ. ಬಟ್ಟೆಗೆ ಮೀಟರು, ಎಣ್ಣೆಗೆ ಲೀಟರು. ಒಂದೊಂದು ಮದ್ದಿಗೂ ಅದರದೇ ಅಳತೆ. ಅಮೆರಿಕದ ಸಿಯಾಟಲ್‌ನಲ್ಲಿ ಬಾವರ್, ಕರ್ಬಿ ಮತ್ತು ಸಂಗಡಿಗರು 1966ರಲ್ಲಿ ಈ ಪರೀಕ್ಷೆಯನ್ನು ಒಂದು ಕ್ರಮಕ್ಕೆ ತಂದರು.

ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಜೀವಕ್ಕೆ ಅಪಾಯವಿದ್ದರೆ ವೈದ್ಯರು ಮಾದರಿ ತೆಗೆದುಕೊಂಡು ಕೂಡಲೇ ಮದ್ದು ಆರಂಭಿಸಬೇಕಾಗುತ್ತದೆ, ನಿಜ. ಆದರೆ ನಾಟದ ಮದ್ದಿನಿಂದ ಹಣ ಹೋಗುತ್ತದೆ, ಕೂಲಿ ಹೋಗುತ್ತದೆ; ರೋಗ ಮಾತ್ರ ಉಳಿಯುತ್ತದೆ. ಈ ತಟ್ಟೆ ಉಳ್ಳವರ ಸೊತ್ತಾಗಕೂಡದು. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಂಟೇ ಎಂದು ನಾಳೆಯೇ ಹೋಗಿ ಕೇಳೋಣ. ಇಲ್ಲವಾದರೆ ಬೇಕೆಂದು ಒತ್ತಾಯಿಸೋಣ.