ರೋಗಿಯ ಮಾತು ಯಾರಿಗೆ ಕೇಳಿಸುತ್ತದೆ?

(ಕನ್ನಡ ಕೂಟದ ಸಾಹಿತ್ಯಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈಚೆಗೆ ಓದಿದ ಪುಸ್ತಕಗಳನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕೂಟದ ಮಿತ್ರರು ಆಹ್ವಾನಿಸಿದಾಗ ನಾನು ಸಂತೋಷದಿಂದಲೇ ಒಪ್ಪಿದೆ. ಆದರೆ ನಾನು ವಿಮರ್ಶಕನಲ್ಲ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿ, ಇಲ್ಲಿಯೇ ನೆಲೆನಿಂತ ವೈದ್ಯ. ಕಾದಂಬರಿಯನ್ನು ಕೈಗೆತ್ತಿಕೊಂಡಾಗಲೂ ನನ್ನ ಕಣ್ಣು ಮೊದಲು ಹುಡುಕುವುದು ಹಾಸಿಗೆ ಹಿಡಿದವರನ್ನು. ಆ ಒಂದು ಕಿಂಡಿಯಿಂದ ಕಂಡದ್ದನ್ನಷ್ಟೇ ತಮ್ಮ ಮುಂದಿಡುತ್ತೇನೆ.

ವೈದ್ಯಕೀಯ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು ಹೀಗಿದೆ: ರೋಗಿಯ ಮುಖ್ಯ ದೂರನ್ನು ರೋಗಿಯ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಪಾಠ ಸುಲಭ, ಪಾಲನೆ ಕಷ್ಟ. ನಮ್ಮ ಹಿರಿಯರು "ಸಂಕಟವಾಗುತ್ತದೆ" ಎಂದರೆ ಅದು ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ? ಮತ್ತೊಮ್ಮೆ ಕೇಳದೆ ತಿಳಿಯದು. ಕೇಳುವ ವ್ಯವಧಾನ ಮಾತ್ರ ವೈದ್ಯನಿಗೂ ಇರುವುದಿಲ್ಲ, ಮನೆಯವರಿಗೂ ಇರುವುದಿಲ್ಲ. ನಾನು ಈಚೆಗೆ ಓದಿದ ಪುಸ್ತಕಗಳು ಬೇರೆ ಬೇರೆ ದೇಶಕಾಲಗಳವು. ಆದರೂ ಅವು ನನಗೆ ಒಂದೇ ಪ್ರಶ್ನೆಯನ್ನು ಕೇಳಿದಂತೆ ತೋರಿತು: ಕಾಯಿಲೆ ಒಬ್ಬರದು, ನಿರ್ಧಾರ ಇನ್ನೊಬ್ಬರದು ಎಂದಾದಾಗ ಆ ನಿರ್ಧಾರ ಯಾರ ಸಮಾಧಾನಕ್ಕಾಗಿ?

ಮೊದಲನೆಯದು ಹೊಸ ಪುಸ್ತಕವಲ್ಲ, ಹಳೆಯದರ ಮರುಓದು. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ. ಕೊರೊನಾದ ವರ್ಷಗಳು ಕಳೆದ ಮೇಲೆ ಅದನ್ನು ಮತ್ತೆ ಓದಿದೆ. ಧರ್ಮಸೂಕ್ಷ್ಮದ ಕತೆಯೆಂದು ಎಲ್ಲರೂ ಬಲ್ಲ ಈ ಕಾದಂಬರಿ, ವೈದ್ಯನ ಕಣ್ಣಿಗೆ ಒಂದು ಸಾಂಕ್ರಾಮಿಕ ರೋಗದ ನಿಖರವಾದ ವರದಿಯೂ ಹೌದು. ನಾರಣಪ್ಪ ಶಿವಮೊಗ್ಗೆಯಿಂದ ಜ್ವರ ಹೊತ್ತು ಬರುತ್ತಾನೆ, ಗಡ್ಡೆ ಕಾಣಿಸಿಕೊಳ್ಳುತ್ತದೆ, ಸಾಯುತ್ತಾನೆ. ಇಲಿಗಳು ಉರುಳಿ ಬೀಳುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ಪ್ಲೇಗು ಮುಂಬಯಿಗೆ ಬಂದದ್ದು 1896ರಲ್ಲಿ, ಬೆಂಗಳೂರಿಗೆ 1898ರಲ್ಲಿ. ಅದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಫ್ರೆಂಚ್ ವೈದ್ಯ ಸೀಮೋನ್ ತೋರಿಸಿಕೊಟ್ಟದ್ದೂ ಅದೇ 1898ರಲ್ಲಿ. ಲೋಕಕ್ಕೆ ತಿಳಿದಿದ್ದ ವಿಷಯ ಅಗ್ರಹಾರಕ್ಕೆ ತಿಳಿಯಲಿಲ್ಲ. ಅಲ್ಲಿ ಎಲ್ಲರ ಕಣ್ಣೂ ತಾಳೆಗರಿಯ ಮೇಲಿತ್ತು.

ಈ ಸಲ ನನ್ನನ್ನು ಹೆಚ್ಚು ಕಾಡಿದ್ದು ನಾರಣಪ್ಪನ ಹೆಣಕ್ಕಿಂತ ಪ್ರಾಣೇಶಾಚಾರ್ಯರ ಪತ್ನಿ ಭಾಗೀರಥಿ. ಬಹುಕಾಲದ ರೋಗಿಷ್ಠೆ. ಆಚಾರ್ಯರು ಆಕೆಯನ್ನು ಎತ್ತಿ, ಮೀಯಿಸಿ, ಗಂಜಿ ಕುಡಿಸಿ ವರ್ಷಗಟ್ಟಲೆ ಸೇವೆ ಮಾಡುತ್ತಾರೆ. ಸೇವೆಯಲ್ಲಿ ಕೊರತೆಯಿಲ್ಲ. ಆದರೆ ಆ ಸೇವೆ ಅವರ ಸಾಧನೆಯ ಮೆಟ್ಟಿಲು, ಆಕೆಯ ಕಾಯಿಲೆ ಅವರ ತಪಸ್ಸಿನ ಯಜ್ಞಕುಂಡ. ತನ್ನಿಂದ ಸುಖವಿಲ್ಲ, ಬೇರೆ ಮದುವೆಯಾಗಿ ಎಂದು ಆಕೆ ಹೇಳಿದರೆ ಆ ಮಾತಿಗೆ ಕಿವಿಯಿಲ್ಲ. ಇದರಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಆದರೆ ಉಪಚಾರ ಮಾಡುವವರ ಪುಣ್ಯಕ್ಕೆ ರೋಗಿಯ ದೇಹ ಸಾಧನವಾಗಿಬಿಡಬಹುದು ಎಂಬ ಸತ್ಯವನ್ನು ಇಷ್ಟು ಮೆಲುದನಿಯಲ್ಲಿ, ಇಷ್ಟು ತೀಕ್ಷ್ಣವಾಗಿ ಹೇಳಿದ ಇನ್ನೊಂದು ಕನ್ನಡ ಕಾದಂಬರಿ ನನ್ನ ಓದಿಗೆ ಸಿಕ್ಕಿಲ್ಲ.

ಅಬ್ರಹಾಂ ವರ್ಗೀಸರ 'ದಿ ಕವನೆಂಟ್ ಆಫ್ ವಾಟರ್' 2023ರಲ್ಲಿ ಬಂದ ಬೃಹತ್ ಕಾದಂಬರಿ. ಲೇಖಕರು ಮದರಾಸಿನಲ್ಲಿ ವೈದ್ಯಕೀಯ ಓದಿ, ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದವರು. ಕತೆ ನಡೆಯುವುದು ನಮ್ಮ ನೆರೆಯ ಕೇರಳದಲ್ಲಿ, 1900ರಿಂದ 1977ರ ವರೆಗೆ. ಒಂದು ಸಿರಿಯನ್ ಕ್ರೈಸ್ತ ಮನೆತನ. ಪ್ರತಿ ತಲೆಮಾರಿನಲ್ಲಿಯೂ ಒಬ್ಬರಾದರೂ ನೀರಿಗೆ ಬಿದ್ದು ಸಾಯುತ್ತಾರೆ. ಅದೂ ಎಲ್ಲೆಲ್ಲೂ ನೀರೇ ಇರುವ ನಾಡಿನಲ್ಲಿ! ಇದಕ್ಕೆ ಕಾರಣವಾದ ರೋಗದ ಹೆಸರನ್ನು ಹೇಳಿ ತಮ್ಮ ಓದಿನ ಕುತೂಹಲವನ್ನು ಕೆಡಿಸಲಾರೆ.

ಪುಸ್ತಕದ ಬಗ್ಗೆ ನನಗೆ ಎರಡು ಆಕ್ಷೇಪಗಳಿವೆ. ಕಾಕತಾಳೀಯಗಳು ಅತಿಯಾದವು, ಒಳ್ಳೆಯವರು ತೀರ ಒಳ್ಳೆಯವರಾದರು. ಏಳುನೂರು ಪುಟಗಳಲ್ಲಿ ಇನ್ನೂರನ್ನು ಕಳೆದಿದ್ದರೆ ನಷ್ಟವಾಗುತ್ತಿರಲಿಲ್ಲ. ಆದರೂ ಒಂದು ಸಂಗತಿಗಾಗಿ ನಾನು ಲೇಖಕರಿಗೆ ಋಣಿ. ವೈದ್ಯರು ಆ ರೋಗಕ್ಕೆ ಹೆಸರಿಡುವ ಎಷ್ಟೋ ಮೊದಲೇ ಮನೆಯವರು ನೀರಿಗೆ ಬಲಿಯಾದವರ ವಂಶವೃಕ್ಷವನ್ನು ಬರೆದಿಟ್ಟುಕೊಂಡಿರುತ್ತಾರೆ. ರೋಗನಿದಾನದ ಅರ್ಧ ಕೆಲಸ ಆ ಹಳೆಯ ಕಾಗದದಲ್ಲಿಯೇ ಮುಗಿದಿದೆ. ನಮ್ಮ ಅಜ್ಜಿಯರ ನೆನಪಿನಲ್ಲಿಯೂ ಇಂತಹ ಕಾಗದಗಳುಂಟು. ಯಾರಿಗೆ ಸಕ್ಕರೆ ಕಾಯಿಲೆ ಇತ್ತು, ಯಾವ ಚಿಕ್ಕಪ್ಪ ನಲವತ್ತಕ್ಕೇ ಎದೆನೋವಿನಿಂದ ಹೋದರು ಎಂಬುದನ್ನೆಲ್ಲ ಅವರು ಬಲ್ಲರು. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ.

ಇನ್ನು ಅತುಲ್ ಗವಾಂಡೆಯವರ 'ಬೀಯಿಂಗ್ ಮಾರ್ಟಲ್'. 2014ರಲ್ಲಿ ಪ್ರಕಟವಾದ ಇದು ಕಾದಂಬರಿಯಲ್ಲ. ಮುಪ್ಪು ಮತ್ತು ಸಾವನ್ನು ಕುರಿತು ಒಬ್ಬ ಶಸ್ತ್ರವೈದ್ಯ ಬರೆದ ಪುಸ್ತಕ. ಅದರಲ್ಲಿ ಜಾಕ್ ಬ್ಲಾಕ್ ಎಂಬ ನಿವೃತ್ತ ಪ್ರಾಧ್ಯಾಪಕರ ಪ್ರಸಂಗ ಬರುತ್ತದೆ. ಅವರ ಕುತ್ತಿಗೆಯ ಬೆನ್ನುಹುರಿಯ ಬಳಿ ಗಡ್ಡೆ. ಶಸ್ತ್ರಚಿಕಿತ್ಸೆಗೆ ಮುನ್ನ ಮಗಳು ತಂದೆಯನ್ನು ಕೇಳುತ್ತಾಳೆ: ಬದುಕಿ ಉಳಿಯಲು ಎಷ್ಟನ್ನು ಸಹಿಸಬಲ್ಲೆ? ಚಾಕೊಲೇಟ್ ಐಸ್‌ಕ್ರೀಂ ತಿನ್ನುತ್ತ ದೂರದರ್ಶನದಲ್ಲಿ ಫುಟ್‌ಬಾಲ್ ನೋಡಲು ಸಾಧ್ಯವಾದರೆ ಅಷ್ಟು ಸಾಕು ಎಂಬುದು ಅವರ ಉತ್ತರ. ಮಗಳಿಗೆ ಆಶ್ಚರ್ಯ, ಏಕೆಂದರೆ ತಂದೆ ಫುಟ್‌ಬಾಲ್ ನೋಡುವವರೆಂದೇ ಆಕೆಗೆ ತಿಳಿದಿರಲಿಲ್ಲ. ಆಕೆ ಸ್ವತಃ ಕೊನೆಗಾಲದ ಉಪಶಮನ ಚಿಕಿತ್ಸೆಯಲ್ಲಿ ಪರಿಣತಳಾದ ವೈದ್ಯೆ! ಶಸ್ತ್ರಚಿಕಿತ್ಸೆಯ ತರುವಾಯ ರಕ್ತಸ್ರಾವವಾಗಿ, ತಕ್ಷಣ ನಿರ್ಧರಿಸಬೇಕಾಗಿ ಬಂದಾಗ ಆ ಒಂದು ಉತ್ತರವೇ ಆಕೆಗೆ ದಾರಿ ತೋರಿಸಿತು.

ಇದೇ ಪುಸ್ತಕದಲ್ಲಿ ಗವಾಂಡೆ ತಮ್ಮ ಅಜ್ಜನನ್ನು ನೆನೆಯುತ್ತಾರೆ. ಮಹಾರಾಷ್ಟ್ರದ ಹಳ್ಳಿಯಲ್ಲಿ, ಮಕ್ಕಳು ಮೊಮ್ಮಕ್ಕಳ ನಡುವೆ, ನೂರು ದಾಟಿ ಬಾಳಿದ ಹಿರಿಯರು. ಓದುತ್ತಿದ್ದಂತೆ ನಮ್ಮಂತಹವರ ಕಣ್ಣು ತೇವವಾಗುವುದು ಸಹಜ. ಅಂತಹ ವ್ಯವಸ್ಥೆಯ ಬೆಲೆಯನ್ನು ಕಿರಿಯರು ತೆರುತ್ತಾರೆಂಬುದನ್ನು ಲೇಖಕರು ಮರೆತಿಲ್ಲ. ಆದರೆ ಅಂತಹ ಮನೆಗಳ ಅಡುಗೆಮನೆಯ ದನಿ ಈ ಪುಸ್ತಕದಲ್ಲಿ ಅಷ್ಟಾಗಿ ಕೇಳಿಸದು. ಆ ದನಿಯನ್ನು ಕೇಳಲು ಬೇರೊಂದು ಪುಸ್ತಕಕ್ಕೆ ಹೋಗಬೇಕು.

ಅದು ಬಾನು ಮುಷ್ತಾಕ್ ಅವರ ಕತೆಗಳು. 1990ರಿಂದ 2023ರ ವರೆಗೆ ಬರೆದವುಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆಯಿತು. ಕನ್ನಡಕ್ಕೂ, ಸಣ್ಣಕತೆಗಳ ಸಂಕಲನಕ್ಕೂ ಆ ಗೌರವ ಸಂದದ್ದು ಅದೇ ಮೊದಲು. ಪುಸ್ತಕಕ್ಕೆ ಹೆಸರು ಕೊಟ್ಟ 'ಎದೆಯ ಹಣತೆ' ಕತೆಯಲ್ಲಿ ಮೆಹರುನ್ ಕೈಗೂಸಿನೊಡನೆ ತವರಿಗೆ ಬರುತ್ತಾಳೆ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಅಣ್ಣಂದಿರು ಮನೆತನದ ಮರ್ಯಾದೆಯ ಮಾತಾಡಿ, ಅವಳನ್ನು ತಿರುಗಿ ಅಲ್ಲಿಗೇ ಕರೆದೊಯ್ದು ಬಿಡುತ್ತಾರೆ. ಆ ರಾತ್ರಿ ಅವಳ ಕೈಗೆ ಸೀಮೆಎಣ್ಣೆಯ ಡಬ್ಬಿ ಸಿಗುತ್ತದೆ. ತಡೆಯುವವಳು ಹಿರಿಯ ಮಗಳು ಸಲ್ಮಾ. ತಾಯಿಯ ಮಾತು ಮನೆಯಲ್ಲಿ ಕೇಳಿಸುವುದು ಆ ಒಂದು ಮಗುವಿಗೆ ಮಾತ್ರ.

ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಸುಟ್ಟಗಾಯದ ವಾರ್ಡುಗಳಲ್ಲಿ ಎಳೆವಯಸ್ಸಿನ ಹೆಣ್ಣುಮಕ್ಕಳು ತುಂಬಿರುತ್ತಿದ್ದರು. ಕಾಗದದಲ್ಲಿ ಕಾರಣ ಬಹುಪಾಲು ಒಂದೇ: "ಸ್ಟೌ ಸಿಡಿದು". ಆ ಎರಡು ಪದಗಳ ಹಿಂದೆ ಏನಿದ್ದಿರಬಹುದೆಂಬುದನ್ನು ಬಾನು ಅವರ ಕತೆ ಬರೆದಿಟ್ಟಿದೆ. ಅವರ ಕೆಲವು ಕತೆಗಳು ಕೊನೆಯಲ್ಲಿ ದನಿ ಏರಿಸುತ್ತವೆ, ವಕೀಲರು ಕತೆಗಾರರನ್ನು ಪಕ್ಕಕ್ಕೆ ಸರಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. 'ಎದೆಯ ಹಣತೆ'ಗೆ ಆ ಮಾತು ಅನ್ವಯಿಸದು.

ಬಂಧುಗಳೇ, ಈ ಪುಸ್ತಕಗಳಿಂದ ನಮ್ಮ ಮನೆಗಳ ಕಡೆಗೆ ಬರೋಣ. ಇಲ್ಲಿ ಕುಳಿತ ಬಹುಮಂದಿಯ ತಂದೆತಾಯಿಗಳು ಮೈಸೂರಿನಲ್ಲೋ, ಧಾರವಾಡದಲ್ಲೋ, ಉಡುಪಿಯಲ್ಲೋ ಇದ್ದಾರೆ. ಅಮೆರಿಕದ ಆಸ್ಪತ್ರೆಗಳಲ್ಲಿ "ಕ್ಯಾಲಿಫೋರ್ನಿಯಾದ ಮಗಳು" ಎಂಬ ಒಂದು ಮಾತುಂಟು. ಅದು 1991ರಲ್ಲಿ ವೈದ್ಯಕೀಯ ಪತ್ರಿಕೆಗೂ ಏರಿತು. ದೂರದೂರಿನಿಂದ ಕೊನೆಗಳಿಗೆಯಲ್ಲಿ ಧಾವಿಸಿ ಬಂದು, ಅದುವರೆಗೆ ನಿಧಾನವಾಗಿ ಮೂಡಿದ್ದ ಒಮ್ಮತವನ್ನು ಮುರಿದು, "ಏನಾದರೂ ಮಾಡಿ, ಎಲ್ಲವನ್ನೂ ಮಾಡಿ" ಎಂದು ಪಟ್ಟುಹಿಡಿಯುವ ಬಂಧುವಿಗೆ ಆ ಹೆಸರು. ನಮ್ಮ ಅಗಲಿಕೆಯ ಅಳುಕು ಹಾಗೆ ಮಾತನಾಡಿಸುತ್ತದೆ. ಆದರೆ ಕೊಳವೆಗಳು ಚುಚ್ಚುವುದು ಅವರ ಮೈಯನ್ನು.

ಇದಕ್ಕೆ ದಾರಿಗಳಿವೆ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ನೀಡಿದ ತೀರ್ಪಿನಲ್ಲಿ, ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಮಾನ್ಯ ಮಾಡಿದೆ. 2023ರ ಜನವರಿಯಲ್ಲಿ ವಿಧಾನವೂ ಸರಳವಾಯಿತು: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇನ್ನು, ಹಿರಿಯರು ಇಲ್ಲಿಗೆ ಬಂದು ಅಸ್ವಸ್ಥರಾದರೆ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯ ನೆರವನ್ನು ಉಚಿತವಾಗಿ ಒದಗಿಸಬೇಕು. ಕನ್ನಡದ ದುಭಾಷಿ ಬೇಕೆಂದು ಕೇಳಿರಿ. ತಾಯಿ ಎರಡು ನಿಮಿಷ ಹೇಳಿಕೊಂಡದ್ದನ್ನು ಮಗ "ಹೊಟ್ಟೆನೋವಂತೆ" ಎಂಬ ಒಂದೇ ಪದಕ್ಕೆ ಇಳಿಸುವುದನ್ನು ನಾನು ಅನೇಕ ಸಲ ಕಂಡಿದ್ದೇನೆ. ಮಗನ ಮುಂದೆ ಹೇಳಲಾಗದ್ದೂ ತಾಯಿಗೆ ಇರುತ್ತದೆ.

ಆದರೆ ಕಾಗದಕ್ಕೂ ದುಭಾಷಿಗೂ ಮೊದಲು ಬೇಕಾದದ್ದು ಮಾತು. ಸಾವಿನ ವಿಷಯ ಎತ್ತುವುದು ಅಮಂಗಳವೆಂದು ನಾವು ನಂಬಿದವರು. ನೇರವಾಗಿ ಕೇಳಲು ನಾಲಗೆ ಏಳದು. ಇಲ್ಲಿ ಪುಸ್ತಕಗಳು ನೆರವಿಗೆ ಬರುತ್ತವೆ. ಮುಂದಿನ ಬಾರಿ ಫೋನು ಮಾಡಿದಾಗ ಭಾಗೀರಥಿಯ ಬಗ್ಗೆ ತಾಯಿಯವರ ಅಭಿಪ್ರಾಯವೇನೆಂದು ಕೇಳಿ ನೋಡಿ. ಐಸ್‌ಕ್ರೀಂ ತಿನ್ನುವಷ್ಟಾದರೆ ಸಾಕೆಂದ ಆ ಪ್ರಾಧ್ಯಾಪಕರ ಕತೆಯನ್ನು ತಂದೆಯವರಿಗೆ ಹೇಳಿ ನೋಡಿ. ಅವರು ಕತೆಯ ಬಗ್ಗೆ ಮಾತನಾಡುತ್ತ ತಮ್ಮ ಬಗ್ಗೆಯೇ ಮಾತನಾಡತೊಡಗುತ್ತಾರೆ. ಆಗ ನಾವು ಮಾಡಬೇಕಾದ ಕೆಲಸ ಒಂದೇ: ನಡುವೆ ಬಾಯಿ ಹಾಕದೆ ಕೇಳುವುದು.